ಮನೆ ಮಾರುವಾಗ ಹೆಣ್ಣುಮಕ್ಕಳ ಸಹಿ

ಮನೆಯನ್ನು ಕೊಳ್ಳಹೋದವರು ಗೋಡೆಯನ್ನು ತಟ್ಟಿ ನೋಡುತ್ತಾರೆ. ತೊಲೆಗೆ ಗೆದ್ದಲು ಹತ್ತಿದೆಯೇ, ಬಾಗಿಲು ಯಾವ ದಿಕ್ಕಿಗಿದೆ, ಹಿತ್ತಲಲ್ಲಿ ನೀರಿದೆಯೇ ಎಂದು ವಿಚಾರಿಸುತ್ತಾರೆ. ಆ ಮನೆಯಲ್ಲಿ ಹುಟ್ಟಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಎಷ್ಟು ಜನ ಎಂದು ಕೇಳುವವರು ವಿರಳ. ವಕೀಲಿ ವೃತ್ತಿಯಲ್ಲಿ ನಾನು ಕಂಡ ಮನೆಯ ವ್ಯಾಜ್ಯಗಳಲ್ಲಿ ಬಹಳಷ್ಟಕ್ಕೆ ಮೂಲ, ಹೀಗೆ ಕೇಳದೆ ಬಿಟ್ಟ ಪ್ರಶ್ನೆಯೇ ಆಗಿದೆ. ಆದುದರಿಂದ, ಶ್ರೋತೃಗಳೇ, ಮನೆಯ ಕ್ರಯವಿಕ್ರಯದಲ್ಲಿ ಏಳುವ ಕಾನೂನಿನ ಸಂದೇಹಗಳ ಪೈಕಿ ಇದೊಂದನ್ನೇ ಮುಂದಿಟ್ಟುಕೊಂಡು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನು ಆರಿಸಿಕೊಳ್ಳೋಣ. ಮದಗದ ಕೆರೆಯ ಸಮೀಪದ ಮಾಸೂರು, ಸರ್ವಜ್ಞನ ತಂದೆ ಬಸವರಸನ ಊರೆಂದು ಪರಂಪರೆ ಹೇಳುವ ಗ್ರಾಮ. ಬಹುಕಾಲ ಹಿರೇಕೆರೂರು ತಾಲೂಕಿನಲ್ಲಿದ್ದು ಈಗ ರಟ್ಟೀಹಳ್ಳಿ ತಾಲೂಕಿಗೆ ಸೇರಿದೆ. 1956ರವರೆಗೆ ಈ ಸೀಮೆ ಮುಂಬಯಿಯ ಆಡಳಿತದಲ್ಲಿತ್ತು. ಅದರಿಂದಾಗಿಯೇ ಉತಾರ, ವಾಟ್ನಿ, ಬೋಜಾ, ಕಬ್ಜಾ ಎಂಬ ಶಬ್ದಗಳು ಇಲ್ಲಿಯ ಜನರ ನಾಲಿಗೆಯ ಮೇಲೆ ಇಂದಿಗೂ ಇವೆ.

ಇಂಥ ಊರಿನಲ್ಲಿ ಒಂದು ಹಂಚಿನ ಮನೆ ಮಾರಾಟಕ್ಕಿದೆ ಎಂದು ಭಾವಿಸಿರಿ. ಸ್ವಂತ ದುಡಿಮೆಯಿಂದ ಅದನ್ನು ಕಟ್ಟಿಸಿದ ಯಜಮಾನರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದಾರೆ. ಅವರ ಪತ್ನಿ ಇದ್ದಾರೆ, ಇಬ್ಬರು ಗಂಡುಮಕ್ಕಳಿದ್ದಾರೆ. ಹೆಣ್ಣುಮಕ್ಕಳಿಬ್ಬರಲ್ಲಿ ಒಬ್ಬಾಕೆಯನ್ನು ರಾಣೇಬೆನ್ನೂರಿಗೂ ಇನ್ನೊಬ್ಬಾಕೆಯನ್ನು ಶಿಕಾರಿಪುರಕ್ಕೂ ಕೊಟ್ಟಿದೆ. ಪಂಚಾಯತಿಯ ಉತಾರದಲ್ಲಿ ಈಗ ಹಿರಿಯ ಮಗನ ಹೆಸರಿದೆ, ಮನೆಯ ಕೀಲಿಕೈಯೂ ಅವನ ಬಳಿಯೇ ಇದೆ. ಕೊಳ್ಳಲು ಬಂದವರು ಒಬ್ಬ ಶಾಲಾ ಶಿಕ್ಷಕರು.

“ಉತಾರದಲ್ಲಿ ಅವರ ಹೆಸರೇ ಇದೆ, ಮತ್ತೇನು ಬೇಕು?” ಇದು ಶಿಕ್ಷಕರ ಮೊದಲ ಪ್ರಶ್ನೆ. ಗ್ರಾಮ ಪಂಚಾಯತಿಯ ಉತಾರವು ಮುಖ್ಯವಾಗಿ ಕರ ಕೊಡುವವರು ಯಾರು ಎಂಬುದನ್ನು ತಿಳಿಸುತ್ತದೆ. 2013ರಲ್ಲಿ ಬಂದ ಇ-ಸ್ವತ್ತು ವ್ಯವಸ್ಥೆಯಿಂದ ಈ ದಾಖಲೆಗಳಿಗೆ ಒಂದು ಶಿಸ್ತು ಬಂದಿತು, ನಕಲಿ ಉತಾರಗಳ ಹಾವಳಿಗೆ ಕಡಿವಾಣ ಬಿತ್ತು. ಆದರೂ ಖಾತೆಯಲ್ಲಿ ಹೆಸರು ಏರಿದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ, ಇಳಿದ ಮಾತ್ರಕ್ಕೆ ಅಳಿಯುವುದೂ ಇಲ್ಲ. ಯಜಮಾನರು ಕಣ್ಣುಮುಚ್ಚಿದ ಕ್ಷಣದಲ್ಲಿಯೇ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಆ ಮನೆ ಐದು ಜನರದಾಯಿತು. ತಾಯಿಗೆ ಒಂದು, ಮಕ್ಕಳು ನಾಲ್ವರಿಗೆ ನಾಲ್ಕು, ಹೀಗೆ ಐದು ಸಮಪಾಲು. ವೀರಶೈವರೂ ಲಿಂಗಾಯತರೂ ಜೈನರೂ ಈ ಅಧಿನಿಯಮದ ವ್ಯಾಪ್ತಿಗೆ ಸೇರುತ್ತಾರೆ. ಮುಸಲ್ಮಾನರ ಪಾಲಿನ ಲೆಕ್ಕವು ಅವರ ಶರೀಯತ್ತಿನಂತೆ ಬೇರೆ. ಅಲ್ಲಿಯೂ ಮಗಳು ಪಾಲಿಗೆ ಹೊರತಲ್ಲ.

“ಮನೆ ಹಿರಿಯರಿಂದ ಬಂದುದಾದರೆ?” ಎಂದು ಕೆಲವರು ಕೇಳಬಹುದು. ಪಿತ್ರಾರ್ಜಿತ ಸ್ವತ್ತಿನಲ್ಲಿ ಹಿಂದೆ ಗಂಡುಮಕ್ಕಳಿಗೆ ಮಾತ್ರ ಹುಟ್ಟಿನಿಂದ ಹಕ್ಕು ಬರುತ್ತಿತ್ತು. ಕರ್ನಾಟಕವು ತನ್ನದೇ ತಿದ್ದುಪಡಿಯಿಂದ 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕನ್ನು ಕೊಟ್ಟಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಈ ಭೇದವನ್ನು ತೆಗೆದುಹಾಕಿತು. ವಾಸದ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳಕೂಡದೆಂಬ ಹಳೆಯ ಕಲಮೂ ಅದೇ ತಿದ್ದುಪಡಿಯಿಂದ ರದ್ದಾಯಿತು. ತಂದೆ ಆ ದಿನ ಬದುಕಿರಬೇಕಿತ್ತೇ ಎಂಬ ಜಿಜ್ಞಾಸೆಗೆ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಉತ್ತರ ಹೇಳಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆಗ ಜೀವಂತವಿರಬೇಕೆಂಬ ನಿಯಮವಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗ, ಮಾರಾಟಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ. “ನಮ್ಮಲ್ಲಿ ಬಾಯಿಮಾತಿನ ವಾಟ್ನಿ ಎಂದೋ ಆಗಿದೆ” ಎಂಬ ವಾದವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿಲ್ಲದೆ ನಂಬಲಾಗದೆಂದೂ ಅದೇ ತೀರ್ಪು ತಿಳಿಸಿದೆ. ಕುಟುಂಬದ ಅವಶ್ಯಕತೆಗಾಗಿ ಯಜಮಾನನಾದವನು ಪಿತ್ರಾರ್ಜಿತ ಸ್ವತ್ತನ್ನು ಮಾರಬಹುದೆಂಬುದು ನಿಜ. ಆದರೆ ಅಂಥ ಅವಶ್ಯಕತೆ ಇತ್ತೆಂದು ರುಜುವಾತು ಮಾಡುವ ಹೊಣೆ ಕೊಂಡವರ ತಲೆಗೆ ಬರುತ್ತದೆ.

“ಋಣಭಾರ ಪತ್ರ ತೆಗೆಸಿದ್ದೇನೆ, ಅದರಲ್ಲಿ ಏನೂ ಇಲ್ಲ” ಎಂಬುದು ಶಿಕ್ಷಕರ ಇನ್ನೊಂದು ಸಮಾಧಾನ. ಆ ಪತ್ರವು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ವಾರಸುದಾರರು ಎಷ್ಟು ಜನ ಎಂಬುದು ಅದರಲ್ಲಿರುವುದಿಲ್ಲ. ಮನೆಯ ಮೂಲಪತ್ರಗಳನ್ನು ಯಾರದೋ ಬಳಿ ಅಡವಿಟ್ಟು ಹಣ ತಂದಿದ್ದರೆ ಅದೂ ಕೆಲವೊಮ್ಮೆ ಕಾಣಿಸದು. ಆದುದರಿಂದ ಮೂಲಪತ್ರಗಳನ್ನು ಕಣ್ಣಾರೆ ಕಂಡು, ವಂಶಾವಳಿಯನ್ನು ಕೇಳಿ ಪಡೆದು, ಅದರಲ್ಲಿಯ ಹೆಸರುಗಳನ್ನು ಊರ ಹಿರಿಯರ ಮಾತಿನೊಡನೆ ತಾಳೆ ನೋಡಬೇಕು. ವಂಶಾವಳಿಯಿಂದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸುವವರಿದ್ದಾರೆ. ಊರಿನ ನೆನಪು ಅವರನ್ನು ಬಿಡುವುದಿಲ್ಲ.

ಇನ್ನು ಸಂಚಕಾರದ ವಿಷಯ. ಸಂಚಕಾರ ಕೊಟ್ಟು ಕರಾರು ಬರೆಸಿಕೊಂಡರೆ ಮನೆ ತಮ್ಮದಾಯಿತೆಂದು ಅನೇಕರು ನಂಬುತ್ತಾರೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನಂತೆ ಮಾರಾಟದ ಕರಾರಿನಿಂದ ಸ್ವತ್ತಿನಲ್ಲಿ ಯಾವ ಹಕ್ಕೂ ಬರುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆ ಕೈಬದಲಾಗುವುದು ನೋಂದಣಿಯಾದ ಖರೀದಿ ಪತ್ರದಿಂದಲೇ. ಮುಖತ್ಯಾರ ಪತ್ರವನ್ನು ಬರೆಸಿಕೊಂಡು ಮನೆ ಕೊಂಡೆವೆನ್ನುವುದೂ ಸಲ್ಲದೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಖಚಿತಪಡಿಸಿತು. ಅಣ್ಣತಮ್ಮಂದಿರಿಬ್ಬರೇ ಬರೆದ ಕರಾರು ಅಕ್ಕತಂಗಿಯರನ್ನೂ ತಾಯಿಯನ್ನೂ ಕಟ್ಟಿಹಾಕಲಾರದು.

ಹಾಗಿದ್ದೂ ಅವರಿಬ್ಬರ ಸಹಿಯಿಂದಲೇ ಖರೀದಿ ಪತ್ರವಾಯಿತೆನ್ನಿ. ಆಗ ಶಿಕ್ಷಕರಿಗೆ ದಕ್ಕುವುದು ಐದರಲ್ಲಿ ಎರಡು ಪಾಲು. ಕೂಡುಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರು ಆ ಕುಟುಂಬದವರೊಡನೆ ಜೊತೆಯಾಗಿ ಕಬ್ಜಾ ಕೇಳುವಂತಿಲ್ಲ ಎಂದು 1882ರ ಆ ಅಧಿನಿಯಮದ 44ನೆಯ ಕಲಮು ಹೇಳುತ್ತದೆ. ಪಾಲಿಗಾಗಿ ದಾವೆ ಹೂಡಿದರೆ, ಕುಟುಂಬದವರು ನ್ಯಾಯಾಲಯ ಕಟ್ಟಿದ ಬೆಲೆ ಕೊಟ್ಟು ಆ ಪಾಲನ್ನು ತಾವೇ ಕೊಳ್ಳಲು 1893ರ ವಿಭಾಗ ಅಧಿನಿಯಮದಲ್ಲಿ ಅವಕಾಶವಿದೆ. ಜೀವಮಾನದ ಉಳಿತಾಯವನ್ನು ಸುರಿದವರು ಸ್ವಂತ ಮನೆಯ ಹೊಸ್ತಿಲಾಚೆ ನಿಂತು ವಾಯಿದೆಗಳನ್ನು ಎಣಿಸಬೇಕಾಗುತ್ತದೆ.

ಹೆಣ್ಣುಮಕ್ಕಳ ಪಾಡನ್ನೂ ನೋಡಬೇಕು. ನೋಂದಣಿಯ ದಿನ ಬೆಳಿಗ್ಗೆ ಫೋನು ಮಾಡಿ, “ಒಂದು ಸಹಿ ಬೇಕಾಗಿದೆ, ಬಾ ತಂಗಿ” ಎಂದು ಕರೆಸಿ, ಪತ್ರವನ್ನು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿ, ಒಂದು ಸೀರೆ ಕುಬಸ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿದೆ. ಕೇಳಿದರೆ ತವರು ಮುರಿದುಹೋದೀತೆಂಬ ಭಯದಿಂದ ಆಕೆ ಬಾಯಿ ತೆರೆಯುವುದಿಲ್ಲ. ಪಂಚಮಿಗೆ ಕರೆಯುವ ಅಣ್ಣನನ್ನು ಕಳೆದುಕೊಳ್ಳಬೇಕೋ, ತಂದೆಯ ಪಾಲನ್ನು ಕಳೆದುಕೊಳ್ಳಬೇಕೋ ಎಂಬ ಇಕ್ಕಟ್ಟಿನಲ್ಲಿ ಆಕೆಯನ್ನು ನಿಲ್ಲಿಸುವುದು ನ್ಯಾಯವೇ? ಮೋಸದಿಂದಲೋ ಒತ್ತಾಯದಿಂದಲೋ ಪಡೆದ ಸಹಿಯನ್ನು ಆಕೆ ಮುಂದೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆಕೆಯ ಹಕ್ಕನ್ನು ಮುಚ್ಚಿಟ್ಟು ಕೊಂಡ ಮನೆ ಕೊಂಡವರಿಗೂ ಭದ್ರವಲ್ಲ. ಮಗಳ ನ್ಯಾಯವೂ ಖರೀದಿದಾರರ ಕ್ಷೇಮವೂ ಇಲ್ಲಿ ಒಂದೇ ತಕ್ಕಡಿಯಲ್ಲಿವೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ದಾರಿ ಕಷ್ಟದ್ದಲ್ಲ. ತಾಯಿಯೂ ನಾಲ್ವರು ಮಕ್ಕಳೂ ಖರೀದಿ ಪತ್ರದಲ್ಲಿ ಮಾರುವವರಾಗಿ ಸೇರಲಿ, ಪ್ರತಿಯೊಬ್ಬರ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೇ ಹೋಗಲಿ. ಸ್ಥಿರಸ್ವತ್ತಿನ ಮಾರಾಟಕ್ಕೆ ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯಬಾರದೆಂದು 2015ರ ಜೂನ್ 1ರಿಂದ ಆದಾಯ ತೆರಿಗೆಯ ನಿಯಮವೂ ಇದೆ. ಹೆಣ್ಣುಮಗಳು ಮನಃಪೂರ್ವಕವಾಗಿ ತನ್ನ ಪಾಲನ್ನು ಬಿಟ್ಟುಕೊಡುವುದಾದರೆ ಅದು ಆಕೆಯ ಔದಾರ್ಯ. ಆಗ ಹಕ್ಕು ಬಿಡುಗಡೆ ಪತ್ರವನ್ನು ಬರೆಸಿ, ಓದಿ ಹೇಳಿ, ನೋಂದಣಿ ಮಾಡಿಸಬೇಕು. ಬಾಯಿಮಾತಿನ ಬಿಡುಗಡೆಗೆ ಬೆಲೆಯಿಲ್ಲ. ಅಣ್ಣತಮ್ಮಂದಿರಲ್ಲೊಬ್ಬನು ತನ್ನ ಪಾಲನ್ನಷ್ಟೇ ಮಾರಲು ಹೊರಟರೆ, ಅದನ್ನು ಮೊದಲು ಕೊಳ್ಳುವ ಹಕ್ಕು 1956ರ ಅಧಿನಿಯಮದ 22ನೆಯ ಕಲಮಿನಂತೆ ಉಳಿದ ವಾರಸುದಾರರಿಗಿದೆ. ಅಕ್ಕತಂಗಿಯರೂ ಆ ಹಕ್ಕನ್ನು ಕೇಳಬಹುದು.

ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೇ. ಸಂಚಕಾರದ ಹಣವನ್ನು ಎಣಿಸುವ ಮೊದಲು ರಾಣೇಬೆನ್ನೂರಿಗೊಮ್ಮೆ, ಶಿಕಾರಿಪುರಕ್ಕೊಮ್ಮೆ ಹೋಗಿ ಬನ್ನಿರಿ. “ನಿಮ್ಮ ತವರುಮನೆಯನ್ನು ನಾವು ಕೊಳ್ಳಬೇಕೆಂದಿದ್ದೇವೆ, ನಿಮಗೆ ಒಪ್ಪಿಗೆಯೇ, ಬೆಲೆ ಇಷ್ಟೆಂದು ನಿಮಗೆ ತಿಳಿದಿದೆಯೇ?” ಎಂದು ಆ ತಾಯಂದಿರನ್ನೇ ಕೇಳಿರಿ. ಅವರು ಒಪ್ಪಿದರೆ ಮುಂದಿನ ಕಾಗದಪತ್ರ ಸುಗಮವಾಗುತ್ತದೆ. ಒಪ್ಪದಿದ್ದರೆ ನಿಮಗೆ ಬಸ್ಸಿನ ಖರ್ಚಷ್ಟೇ ಹೋಯಿತು.