ಸಣ್ಣ ವಿಮಾನ ಸಂಸ್ಥೆಯಲ್ಲಿ ಪೈಲಟ್ ಆಗಬೇಕೆ?

ಪೈಲಟ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಸಮುದ್ರ ದಾಟಿ ಹೋಗುವ ಭಾರಿ ವಿಮಾನ. ಆದರೆ ಬೆಂಗಳೂರಿನಿಂದ ಬೆಳಗಾವಿಗೋ ಶಿವಮೊಗ್ಗಕ್ಕೋ ಐವತ್ತರಿಂದ ಎಪ್ಪತ್ತೈದು ಜನರನ್ನು ಹೊತ್ತು ಒಂದು ಗಂಟೆಯ ಆಸುಪಾಸಿನಲ್ಲಿ ತಲುಪಿಸುವ ಸಣ್ಣ ವಿಮಾನಗಳೂ ಇವೆ. ಅವುಗಳನ್ನು ನಡೆಸುವವರೂ ಅದೇ ಪರವಾನಗಿ ಪಡೆದ ಪೈಲಟ್‌ಗಳೇ. ಇಂಥ ವಿಮಾನಗಳನ್ನು ಇಟ್ಟುಕೊಂಡು, ಸಣ್ಣ ಊರುಗಳನ್ನು ದೊಡ್ಡ ಊರುಗಳಿಗೆ ಜೋಡಿಸುವ ಸಂಸ್ಥೆಗಳನ್ನು ಪ್ರಾದೇಶಿಕ ವಿಮಾನ ಸಂಸ್ಥೆಗಳು ಎನ್ನುತ್ತಾರೆ. ಅಲ್ಲಿ ನಿಮಗೆ ಭವಿಷ್ಯ ಇದೆಯೇ? ಇಂದು ಇದನ್ನೇ ವಿಚಾರ ಮಾಡೋಣ.

ಜಿಗಣಿಯ ಕೈಗಾರಿಕಾ ಪ್ರದೇಶದ ಮಕ್ಕಳಿಗೆ ಒಂದು ಮಾತು ಸುಲಭವಾಗಿ ಅರ್ಥವಾಗುತ್ತದೆ. ಹತ್ತು ಜನರ ಸಣ್ಣ ವರ್ಕ್‌ಷಾಪಿಗೆ ಸೇರಿದ ಹುಡುಗ ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್ ಎಲ್ಲವನ್ನೂ ಬೇಗ ಕಲಿಯುತ್ತಾನೆ. ದೊಡ್ಡ ಕಾರ್ಖಾನೆಯಲ್ಲಿ ಅವನಿಗೆ ಹಲವು ವರ್ಷ ಒಂದೇ ಯಂತ್ರ ಸಿಗಬಹುದು. ಆದರೆ ಆರ್ಡರ್ ನಿಂತರೆ ಮೊದಲು ಬಾಗಿಲು ಹಾಕುವುದು ಸಣ್ಣ ವರ್ಕ್‌ಷಾಪೇ. ಸಣ್ಣ ವಿಮಾನ ಸಂಸ್ಥೆಯ ಲಾಭವೂ ಅಪಾಯವೂ ಹೆಚ್ಚುಕಡಿಮೆ ಹೀಗೆಯೇ ಇವೆ.

ಮೊದಲು ಲಾಭವನ್ನು ನೋಡೋಣ. ಪ್ರಯಾಣದ ದೂರ ಕಡಿಮೆಯಾದುದರಿಂದ ಪೈಲಟ್ ಒಂದೇ ದಿನದಲ್ಲಿ ಹಲವು ಬಾರಿ ವಿಮಾನವನ್ನು ಏರಿಸಿ ಇಳಿಸುತ್ತಾನೆ. ವಿಮಾನ ನಡೆಸುವ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಈ ಎರಡು ಹೊತ್ತು. ಮುಂಗಾರಿನ ಮೋಡ, ಅಡ್ಡಗಾಳಿ, ಚಿಕ್ಕ ನಿಲ್ದಾಣದ ಸೀಮಿತ ಸೌಲಭ್ಯ, ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ತಿರುಗುವ ನಿರ್ಧಾರ, ಇವೆಲ್ಲ ಅವನ ದಿನನಿತ್ಯದ ಪಾಠಗಳು. ದೂರದ ಮಾರ್ಗದಲ್ಲಿ ಗಂಟೆಗಟ್ಟಲೆ ಸಮಮಟ್ಟದಲ್ಲಿ ಹಾರುವವನಿಗೆ ಈ ಅಭ್ಯಾಸ ಇಷ್ಟು ಬೇಗ ದೊರೆಯುವುದಿಲ್ಲ.

ಇನ್ನು ಅಪಾಯದ ಮಾತು. ಇದಕ್ಕೆ ನಮ್ಮ ರಾಜ್ಯದ ಇತಿಹಾಸವೇ ಸಾಕ್ಷಿ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನಗಳೊಂದಿಗೆ ಬೆಂಗಳೂರಿನಿಂದ ಸೇವೆ ಆರಂಭಿಸಿತು. ಸಾಮಾನ್ಯರೂ ವಿಮಾನ ಹತ್ತಬಹುದೆಂದು ತೋರಿಸಿತು. 2008ರಲ್ಲಿ ಅದು ಕಿಂಗ್‌ಫಿಶರ್‌ನೊಂದಿಗೆ ವಿಲೀನವಾಯಿತು. ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಬೆಂಗಳೂರಿನದೇ ಆದ ಏರ್ ಪೆಗಾಸಸ್ 2015ರ ಏಪ್ರಿಲ್‌ನಲ್ಲಿ ಆರಂಭವಾಗಿ 2016ರ ಜುಲೈನಲ್ಲಿ ನಿಂತುಹೋಯಿತು. ಅಂದರೆ ಒಂದೂಕಾಲು ವರ್ಷದ ಆಯುಷ್ಯ! ಮತ್ತೊಂದು ಕಡೆ, ಘೋಡಾವತ್ ಸಮೂಹದ ಸ್ಟಾರ್ ಏರ್ 2019ರ ಜನವರಿಯಲ್ಲಿ ಐವತ್ತು ಆಸನಗಳ ಎಂಬ್ರೇರ್ ಜೆಟ್‌ಗಳೊಂದಿಗೆ ಹೊರಟಿತು. 2023ರಲ್ಲಿ 76 ಆಸನಗಳ ವಿಮಾನಗಳನ್ನೂ ಸೇರಿಸಿಕೊಂಡಿತು. ಹೀಗೆ ಒಂದು ಮುಚ್ಚಿದರೆ ಇನ್ನೊಂದು ಬೆಳೆಯುತ್ತದೆ.

ಇದಕ್ಕೆ ಕಾರಣವೇನು? ಆಸನಗಳು ಕಡಿಮೆಯಾದುದರಿಂದ ಇಂಧನ, ಸಿಬ್ಬಂದಿ, ನಿರ್ವಹಣೆಯ ವೆಚ್ಚವನ್ನು ಕೆಲವೇ ಪ್ರಯಾಣಿಕರ ಮೇಲೆ ಹಂಚಬೇಕಾಗುತ್ತದೆ. ವಿಮಾನಗಳೂ ಕಡಿಮೆ. ಎರಡು ವಿಮಾನ ದುರಸ್ತಿಗೆ ನಿಂತರೆ ಇಡೀ ವೇಳಾಪಟ್ಟಿ ಏರುಪೇರಾಗುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿದ ಉಡಾನ್ ಯೋಜನೆಯಲ್ಲಿ ಇಂಥ ಮಾರ್ಗಗಳಿಗೆ ಸಹಾಯಧನ ದೊರೆಯುತ್ತದೆ. ಕಲಬುರಗಿ, ಬೀದರ್‌ನಂಥ ಊರುಗಳು ಅದರ ಪ್ರಯೋಜನ ಕಂಡಿವೆ. ಆದರೆ ಆ ಸಹಾಯಧನ ಸಾಮಾನ್ಯವಾಗಿ ಮೂರು ವರ್ಷಗಳಿಗೆ ಮಾತ್ರ. ಅನಂತರ ಪ್ರಯಾಣಿಕರ ಹಣದಿಂದಲೇ ಮಾರ್ಗ ನಡೆಯಬೇಕು. ನಡೆಯದಿದ್ದರೆ ನಿಲ್ಲುತ್ತದೆ.

ಸಂಸ್ಥೆ ನಿಂತರೆ ಪೈಲಟ್‌ನ ಗತಿ? ಅವನ ಪರವಾನಗಿ ಮತ್ತು ಹಾರಾಟದ ಗಂಟೆಗಳನ್ನು ದಾಖಲಿಸಿದ ಲಾಗ್‌ಬುಕ್ ಅವನ ಬಳಿಯೇ ಉಳಿಯುತ್ತವೆ. ಆದರೆ ಇಲ್ಲೊಂದು ತೊಡಕಿದೆ. ಪ್ರತಿಯೊಂದು ಬಗೆಯ ವಿಮಾನಕ್ಕೂ 'ಟೈಪ್ ರೇಟಿಂಗ್' ಎಂಬ ಪ್ರತ್ಯೇಕ ಅರ್ಹತೆ ಬೇಕು. ಎಟಿಆರ್ ನಡೆಸುವವನು ನಾಳೆ ಏರ್‌ಬಸ್‌ನಲ್ಲಿ ಕೂರಲಾಗದು. ಎಟಿಆರ್ ವಿಮಾನಗಳನ್ನು ಭಾರತದಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಬಳಸುತ್ತವೆ. ಎಂಬ್ರೇರ್ ಜೆಟ್‌ಗಳಲ್ಲಿ ನಿಗದಿತ ಪ್ರಯಾಣಿಕ ಸೇವೆ ನಡೆಸುವವರು ವಿರಳ. ಆದ್ದರಿಂದ ಸಂಸ್ಥೆಯ ಹೆಸರಿನಷ್ಟೇ ಅದು ಇಟ್ಟುಕೊಂಡಿರುವ ವಿಮಾನದ ಬಗೆಯೂ ಮುಖ್ಯ. ಕೆಲಸಕ್ಕೆ ಸೇರುವಾಗ ಬರೆದುಕೊಡುವ ತರಬೇತಿ ಬಾಂಡಿನ ಪ್ರತಿ ಸಾಲನ್ನೂ ಓದಿಯೇ ಸಹಿ ಹಾಕಬೇಕು.

ಈಗ ದಾರಿ ಯಾವುದು ಎಂದು ನೋಡೋಣ. ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ಆಗಿರಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬುದು ಬಹುಕಾಲದ ನಿಯಮ. ವಾಯುಸಂಚಾರ, ಹವಾಮಾನ, ವಾಯುಯಾನ ನಿಯಮ, ತಾಂತ್ರಿಕ ವಿಷಯ ಇವುಗಳಲ್ಲಿ ಪರೀಕ್ಷೆಗಳಿರುತ್ತವೆ. ರೇಡಿಯೋ ಸಂಪರ್ಕಕ್ಕೆ ಬೇರೆಯೇ ಪರವಾನಗಿ ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1948ರಿಂದ ಇದೆ. ಖಾಸಗಿ ಶಾಲೆಗಳು ದೇಶದ ಹಲವೆಡೆ ಇವೆ. ಮುಂದೆ ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಪರವಾನಗಿಗೆ 21 ವರ್ಷ ವಯಸ್ಸು, 1500 ಗಂಟೆಗಳ ಹಾರಾಟ, ಇತರ ಷರತ್ತುಗಳು ಇವೆ. ವರ್ಷಕ್ಕೆ 650 ಗಂಟೆ ಹಾರಿದರೂ ಆ ಸಂಖ್ಯೆ ಮುಟ್ಟಲು ಎರಡು ವರ್ಷ ಬೇಕು. ಕ್ಯಾಪ್ಟನ್ ಸ್ಥಾನ ಖಾಲಿಯಾಗುವುದು ಆ ಮೇಲಿನ ಮಾತು.

ಹೆಣ್ಣುಮಕ್ಕಳು ಇದನ್ನು ಗಂಡುಮಕ್ಕಳ ಕೆಲಸವೆಂದು ಬಿಡಬೇಕಾಗಿಲ್ಲ. ಮಹಿಳಾ ಪೈಲಟ್‌ಗಳ ಪ್ರಮಾಣದಲ್ಲಿ ಭಾರತ ಜಗತ್ತಿನ ಸರಾಸರಿಗಿಂತ ಬಹಳ ಮುಂದಿದೆ. ಕನ್ನಡಕ ಇದ್ದರೆ ಪೈಲಟ್ ಆಗಲಾಗದು ಎಂಬುದೂ ತಪ್ಪು ತಿಳಿವಳಿಕೆ. ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ.

ಕೊನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ಹಣದ ವಿಚಾರ. ಪರವಾನಗಿ ಕೈಗೆ ಬರುವ ಹೊತ್ತಿಗೆ 40 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ಖರ್ಚಾಗುವುದು ಇಂದು ಸಾಮಾನ್ಯ. ಟೈಪ್ ರೇಟಿಂಗ್‌ನ ವೆಚ್ಚವನ್ನೂ ಅಭ್ಯರ್ಥಿಯೇ ಕೊಡಬೇಕಾದರೆ ಇನ್ನೂ ಹಲವು ಲಕ್ಷ. ಒಂದು ಲೆಕ್ಕ ಮಾಡಿ ನೋಡಿ. 40 ಲಕ್ಷ ಸಾಲಕ್ಕೆ ಶೇಕಡಾ 10 ಬಡ್ಡಿ ಎಂದುಕೊಂಡರೆ ವರ್ಷಕ್ಕೆ 4 ಲಕ್ಷ, ತಿಂಗಳಿಗೆ 33 ಸಾವಿರಕ್ಕೂ ಹೆಚ್ಚು, ಅದೂ ಬಡ್ಡಿಯೊಂದೇ. ಪರವಾನಗಿ ಬಂದ ಮರುದಿನ ಕೆಲಸ ಸಿಗುವುದಿಲ್ಲ. ವರ್ಷ, ಎರಡು ವರ್ಷ ಕಾದವರಿದ್ದಾರೆ. ಆ ಅವಧಿಯಲ್ಲಿ ಬಡ್ಡಿ ಕಟ್ಟುವವರು ಯಾರು? ತಂದೆ ಬೊಮ್ಮಸಂದ್ರದಲ್ಲೋ ಜಿಗಣಿಯಲ್ಲೋ ಪಾಳಿಯ ಮೇಲೆ ದುಡಿದು ಕೊಂಡ ಸೈಟನ್ನು ಅಡವಿಡುವ ಮೊದಲು ಮನೆಯವರೆಲ್ಲ ಕುಳಿತು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಉತ್ತರ ಸಿಗದಿದ್ದರೆ ಸಾಲ ಮಾಡಬಾರದು.

ಆದ್ದರಿಂದ ಕ್ರಮ ತಪ್ಪದಿರಲಿ. ಮೊದಲು ವೈದ್ಯಕೀಯ ಪರೀಕ್ಷೆ. ಪೈಲಟ್‌ಗಳ ಆರೋಗ್ಯ ಪರೀಕ್ಷಿಸುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ಮೊದಲನೇ ದರ್ಜೆಯ ಆರೋಗ್ಯ ಪ್ರಮಾಣಪತ್ರ ದೊರೆಯುವವರೆಗೆ ದೊಡ್ಡ ಶುಲ್ಕ ಕಟ್ಟಬೇಡಿ. ಎರಡನೆಯದಾಗಿ, ತರಬೇತಿ ಶಾಲೆಯ ಅನುಮತಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಿ. ಅಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, 200 ಗಂಟೆ ಮುಗಿಸಲು ಹಳೆಯ ವಿದ್ಯಾರ್ಥಿಗಳಿಗೆ ಎಷ್ಟು ಕಾಲ ಹಿಡಿಯಿತು ಎಂದು ಅವರನ್ನೇ ಕೇಳಿ. ಮೂರನೆಯದಾಗಿ, ಕೈಯಲ್ಲಿ ಒಂದು ಪದವಿಯೋ ಡಿಪ್ಲೊಮಾವೋ ಇರಲಿ. ಕೆಲಸಕ್ಕೆ ಕಾಯುವ ದಿನಗಳಲ್ಲಿ ಅನ್ನ ಕೊಡುವುದು ಅದೇ.

ಇಷ್ಟೆಲ್ಲ ವಿಚಾರಿಸಿದ ಮೇಲೂ ನಿಮ್ಮ ಮನಸ್ಸು ಗಟ್ಟಿಯಾಗಿದ್ದರೆ, ಸಣ್ಣ ಸಂಸ್ಥೆಯೆಂದು ಹಿಂಜರಿಯಬೇಡಿ. ಮೊದಲ ಸಾವಿರ ಗಂಟೆಗಳನ್ನು ಕಲಿಯಲು ಅದು ಒಳ್ಳೆಯ ಜಾಗ. ಅದೇ ಸಂಸ್ಥೆಯಲ್ಲಿ ನಿವೃತ್ತಿಯಾಗುವೆನೆಂಬ ನಂಬಿಕೆ ಮಾತ್ರ ಇಟ್ಟುಕೊಳ್ಳಬೇಡಿ.