ಜಾಲಿಯ ಇದ್ದಿಲು

ನಮ್ಮ ಬಳ್ಳಾರಿ ಜಾಲಿಗೆ ಇಲ್ಲಿ ತಮಿಳುನಾಡಿನಲ್ಲಿ ಸೀಮೈ ಕರುವೇಲಂ ಎನ್ನುತ್ತಾರೆ. ಮಳೆ ಕೈಕೊಟ್ಟಾಗ ರಾಮನಾಥಪುರದ ಕಡೆಯ ಸಣ್ಣ ರೈತರಿಗೆ ಈ ಮುಳ್ಳುಮರವೇ ಕಾಸು. ಕಡಿದರೂ ಬುಡ ಚಿಗುರುತ್ತದೆ. ಚನ್ನಪಟ್ಟಣದ ಹಾಲೆಮರದಂತೆ ಆಟಿಕೆ ಕಡೆಯುವಷ್ಟು ಮೃದುವಲ್ಲ, ಬಿಡಿ. ಸೌದೆಯಾಗಿ ಮಾರಿದರೆ ಲಾರಿ ಬಾಡಿಗೆಯೇ ಲಾಭ ನುಂಗುತ್ತದೆ, ಇದ್ದಿಲು ಹಗುರ.

ಸೌದೆ ಒಟ್ಟಿ, ಹುಲ್ಲು, ಮಣ್ಣು ಮುಚ್ಚಿ ದಿನಗಟ್ಟಲೆ ಬೇಯಿಸಬೇಕು. ದಟ್ಟ ಬಿಳಿ ಹೊಗೆ ತೆಳುನೀಲಿಗೆ ತಿರುಗಿದರೆ ಬೆಂದಿತೆಂದು ಲೆಕ್ಕ. ಮಣ್ಣು ಬಿರಿದು ಗಾಳಿ ನುಗ್ಗಿತೋ, ಬೆಳಗಾಗುವಷ್ಟರಲ್ಲಿ ಬೂದಿ! ಮನೆಯವರೇ ನಿದ್ದೆಗೆಟ್ಟು ಕಾಯುತ್ತಾರೆ. ಆ ಕೂಲಿ ಬೆಲೆಗೆ ಸೇರುವುದೇ ಇಲ್ಲ.

ಅಂತರ್ಜಲಕ್ಕೆ ಮಾರಕವೆಂದು 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಈ ಮರಗಳನ್ನು ತೆಗೆಸಲು ಹೇಳಿತು. ತೆಗೆಯಲಿ. ಆದರೆ ಗೂಡು ಕಾಯುವವರಿಗೆ ಮೊದಲು ಬೇರೆ ಕಸುಬು ತೋರಿಸಬೇಕು.