ಉದುರಿದ ಹಣ್ಣೂ ಮನೆಯ ಕೋಳಿಗಳೂ
(ಗ್ರಾಮಸ್ಥರ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ವೈಶಾಖ ಜ್ಯೇಷ್ಠ ಮಾಸಗಳಲ್ಲಿ ಒಂದು ಬಿರುಗಾಳಿ ಬೀಸಿತೆಂದರೆ ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ನೆಲವೆಲ್ಲ ಹಣ್ಣುಕಾಯಿಗಳಿಂದ ತುಂಬಿಹೋಗುವುದು. ಸಂತೆಗೆ ಸಲ್ಲದ ಆ ಹಣ್ಣನ್ನು ಕೋಳಿಗಳು ಕುಕ್ಕಿ ತಿನ್ನುವುದರಿಂದ ಕೇಡೋ ಲಾಭವೋ ಎಂಬ ಸಂದೇಹವು ಅನೇಕರಿಗೆ ಉಂಟು. ಈ ಪ್ರಶ್ನೆಯನ್ನು ಅಲ್ಪವೆಂದು ಎಣಿಸಲಾಗದು. ಎಷ್ಟೋ ಮನೆಗಳಲ್ಲಿ ಮೊಟ್ಟೆ ಮಾರಿದ ಹಣವೇ ಹೆಂಗಸರ ಕೈಗೆ ನೇರವಾಗಿ ಬರುವ ಹಣ.

ತಿನ್ನಬಹುದೆಂಬುದೇ ಉತ್ತರ. ಆದರೆ ಯಾವ ಹಣ್ಣು, ಎಂತಹ ಹಣ್ಣು, ಎಷ್ಟು ಹಣ್ಣು ಎಂಬ ಮೂರನ್ನೂ ವಿಚಾರಿಸತಕ್ಕದ್ದು.

ಮೊದಲನೆಯದಾಗಿ, ಮಾವು, ಹಲಸಿನ ತೊಳೆ, ಸೀಬೆ, ಪರಂಗಿ, ನೇರಳೆ, ಅತ್ತಿ, ಹಿಪ್ಪುನೇರಳೆ ಇವುಗಳ ತಿರುಳು ಕೋಳಿಗೆ ಬಾಧಕವಲ್ಲ. ಸೀತಾಫಲದ ತಿರುಳನ್ನು ಕೊಡಬಹುದು. ಅದರ ಬೀಜವನ್ನು ಜಜ್ಜಿ ಹಾಕಬಾರದು, ಅದು ವಿಷ. ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣನ್ನು ಕೋಳಿಗಳಿಗೆ ಸರ್ವಥಾ ಕೊಡಕೂಡದು. ಅದರಲ್ಲಿರುವ ಪರ್ಸಿನ್ ಎಂಬ ಪದಾರ್ಥವು ಪಕ್ಷಿಗಳ ಹೃದಯವನ್ನು ಕೆಡಿಸುವುದು. ಸಿಪ್ಪೆ, ಎಲೆ, ಬೀಜಗಳೂ ಅಪಾಯಕರ. ಹಳದಿ ಕಣಗಿಲೆಯ ಕಾಯಿ, ಹರಳು ಬೀಜ, ಗುಲಗಂಜಿ ಇವು ಕೋಳಿ ತಿರುಗುವ ಅಂಗಳದಲ್ಲಿ ಬೀಳದಂತೆ ನೋಡಿಕೊಳ್ಳಬೇಕು.

ಎರಡನೆಯದಾಗಿ, ಹಣ್ಣು ಆ ದಿನವೇ ಉದುರಿದ್ದಾಗಿರಬೇಕು. ಬೂಸರು ಹಿಡಿದದ್ದನ್ನೂ ಹುಳಿತು ಹೆಂಡದ ವಾಸನೆ ಬರುವುದನ್ನೂ ಕೊಡಬಾರದು. ಗಿಡಗಳಿಗೆ ಕೀಟನಾಶಕ ಸಿಂಪಡಿಸಿದ್ದರೆ, ಔಷಧದ ಚೀಟಿಯಲ್ಲಿ ಹೇಳಿರುವ ಅವಧಿ ಕಳೆಯುವವರೆಗೂ ಕೋಳಿಗಳನ್ನು ತೋಪಿಗೆ ಬಿಡತಕ್ಕದ್ದಲ್ಲ.

ಇಲ್ಲಿ ತೋಪಿನ ಯಜಮಾನರಿಗೂ ಒಂದು ಲಾಭವಿದೆ. ಹಣ್ಣುನೊಣವು ಮಾಗುವ ಹಣ್ಣಿನ ಸಿಪ್ಪೆಯೊಳಗೆ ಮೊಟ್ಟೆಯಿಡುವುದು. ಮರಿಹುಳುಗಳು ತಿರುಳನ್ನು ತಿಂದು ಬೆಳೆದು, ಮಣ್ಣಿಗಿಳಿದು ಕೋಶ ಕಟ್ಟಿ, ಒಂದೆರಡು ವಾರಗಳಲ್ಲಿ ಹೊಸ ನೊಣಗಳಾಗಿ ಮೇಲೇಳುವುವು. ಕೋಳಿಗಳು ಆ ಹುಳುಗಳನ್ನೂ ಮೇಲ್ಮಣ್ಣಿನ ಕೋಶಗಳನ್ನೂ ಕೆದಕಿ ತಿನ್ನುವುವು. ಹುಳುಗಳಲ್ಲಿರುವ ಪ್ರೋಟೀನು ಹಣ್ಣಿನಲ್ಲಿರುವುದಕ್ಕಿಂತ ಬಹಳ ಹೆಚ್ಚು. ಆದರೂ ಕೆಲಸವೆಲ್ಲವನ್ನೂ ಕೋಳಿಗಳಿಗೇ ಬಿಡಬಾರದು. ಉಳಿದ ಹಣ್ಣನ್ನು ಪ್ರತಿದಿನವೂ ಆರಿಸಿ, ಎರಡು ಅಡಿ ಆಳದ ಗುಣಿಯಲ್ಲಿ ಹಾಕಿ ಮಣ್ಣು ಮುಚ್ಚತಕ್ಕದ್ದು.

ಮೂರನೆಯದಾಗಿ, ಮಿತಿ. ಮಾವಿನ ತಿರುಳಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ನೀರೇ. ಪ್ರೋಟೀನು 1ಕ್ಕಿಂತ ಕಡಮೆ. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿಯೋ ನೂರಕ್ಕೆ 16ರಿಂದ 18 ಭಾಗ ಪ್ರೋಟೀನು ಬೇಕು. ಹಣ್ಣಿನಿಂದಲೇ ಹೊಟ್ಟೆ ತುಂಬಿದ ಕೋಳಿ ಕಾಳು ತಿನ್ನದೆ ಮೊಟ್ಟೆ ಕಡಮೆ ಮಾಡುವುದು. ಆದಕಾರಣ ಬೆಳಿಗ್ಗೆ ಮೊದಲು ರಾಗಿ, ತವುಡು, ಕಡಲೆಕಾಯಿ ಹಿಂಡಿಯ ಮೇವನ್ನು ಕೊಟ್ಟು, ಅನಂತರ ಹಣ್ಣಿಗೆ ಬಿಡಿರಿ. ಹಣ್ಣು ಒಟ್ಟು ಆಹಾರದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಕಪ್ಪೆಚಿಪ್ಪಿನ ನುಚ್ಚನ್ನೂ ಇಡಿರಿ.

ಕಡೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಹಣ್ಣಿನ ಕಾಲದಲ್ಲಿ ಕೋಳಿಗಳು ಒಂದರ ಹಿಂದೊಂದು ಸತ್ತರೆ ಹಣ್ಣನ್ನೇ ದೂರಿ ಸುಮ್ಮನಾಗಬೇಡಿರಿ. ಏದುಸಿರು, ಹಸಿರು ಭೇದಿ, ತಿರುಚಿದ ಕತ್ತು ಕಂಡರೆ ಅದು ಕೊಕ್ಕರೆ ರೋಗವಿರಬಹುದು. 1927ರಲ್ಲಿ ಕುಮಾವುಂ ಬೆಟ್ಟದ ರಾಣಿಖೇತದಲ್ಲಿ ಕಾಣಿಸಿಕೊಂಡದ್ದರಿಂದ ಇದಕ್ಕೆ ರಾಣಿಖೇತ್ ರೋಗವೆಂದೂ ಹೆಸರು. ಇದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯುಂಟು. ಒಂದು ಮನೆಯವರು ಹಾಕಿಸಿ ನೆರೆಮನೆಯವರು ಬಿಟ್ಟರೆ ರೋಗವು ಊರನ್ನು ಬಿಡದು. ಬೇಸಗೆಗೆ ಮುಂಚೆಯೇ ಒಂದು ದಿನ ಗೊತ್ತುಮಾಡಿ, ಪಶುವೈದ್ಯರನ್ನು ಕರೆಸಿ, ಎಲ್ಲ ಮನೆಗಳ ಕೋಳಿಗಳಿಗೂ ಲಸಿಕೆ ಹಾಕಿಸಿರಿ. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿಸಿರಿ.

ನೆಲಕ್ಕೆ ಬಿದ್ದ ಹಣ್ಣು ಬಿದ್ದಲ್ಲೇ ಕೊಳೆತರೆ ನೊಣಕ್ಕೆ ಆಹಾರ; ಹೊತ್ತಿಗೆ ಸರಿಯಾಗಿ ಆರಿಸಿಕೊಂಡರೆ ಕೋಳಿಗೆ ಮೇವು, ತೋಪಿಗೆ ರಕ್ಷೆ. ನಾಳೆ ಬೆಳಿಗ್ಗೆ ಒಂದು ಕುಕ್ಕೆಯೊಡನೆ ಈ ಕೆಲಸವನ್ನು ಆರಂಭಿಸುವಿರೆಂದು ನಂಬಿ ವಿರಮಿಸುತ್ತೇನೆ.